ಎಂದ, ಎಂದಳು, ಎಂದರು

ಕಥೆ ಕಾದಂಬರಿಗಳಲ್ಲಿ ಪಾತ್ರಗಳ ಮಾತನ್ನು ಬರೆಯುವುದೂ ಆ ಮಾತು ಯಾರದೆಂದು ಓದುಗರಿಗೆ ತಿಳಿಸುವುದೂ ಒಂದೇ ಕೆಲಸದ ಎರಡು ಭಾಗಗಳಾಗಿದ್ದರೂ, ಕನ್ನಡದ ಕಥನಕಲೆಯ ಚರ್ಚೆಯಲ್ಲಿ ಮೊದಲನೆಯದಕ್ಕೆ ಸಿಕ್ಕಷ್ಟು ಗಮನ ಎರಡನೆಯದಕ್ಕೆ ಸಿಕ್ಕಿಲ್ಲ. ಮಾತಿನ ಹಿಂದೆಯೋ ಮುಂದೆಯೋ ನಿಂತು ಅದನ್ನು ಆಡಿದವರು ಯಾರೆಂದು ಹೇಳುವ ‘ಎಂದ’, ‘ಎಂದಳು’, ‘ಕೇಳಿದರು’ ಮುಂತಾದ ಪದಗಳನ್ನು ವಕ್ತೃಸೂಚಕಗಳೆಂದು ಕರೆಯಬಹುದು. ವಕ್ತೃ ಎಂದರೆ ಮಾತಾಡುವವರು, ಸೂಚಕವೆಂದರೆ ಗುರುತು. ನೋಡುವುದಕ್ಕೆ ಇವು ಪುಟದ ಮೇಲಿನ ಅತ್ಯಂತ ಸಣ್ಣ ಪದಗಳು, ಓದುವವರ ಕಣ್ಣು ಇವುಗಳ ಮೇಲೆ ನಿಲ್ಲುವುದೂ ಇಲ್ಲ. ಆದರೆ ಕನ್ನಡದಲ್ಲಿ ಮಾತಾಡಿದವರ ಗುರುತು ಬಹುಪಾಲು ಮಾತಿನೊಳಗೇ ಅಡಗಿರುವುದರಿಂದ, ಹೊರಗೆ ನಿಂತ ಈ ಪದಗಳಿಗೆ ಗುರುತು ಹೇಳುವುದಕ್ಕಿಂತ ಬೇರೆಯದೇ ಆದ, ಹೆಚ್ಚು ಗಂಭೀರವಾದ ಕೆಲಸವೊಂದಿದೆ. ಅದು ಯಾವುದೆಂದು ಅರಿತ ಲೇಖಕರ ಸಂಭಾಷಣೆಗೂ ಅರಿಯದವರ ಸಂಭಾಷಣೆಗೂ ಇರುವ ಅಂತರ ಎರಡು ಪುಟ ಓದುವಷ್ಟರಲ್ಲಿ ಕಾಣಿಸುತ್ತದೆ.

‘ಎನ್’ ಎಂಬ ಒಂದೇ ಧಾತುವಿನಿಂದ ಎಂದ, ಎಂದು, ಎಂಬ, ಎನ್ನುತ್ತ, ಎಂದುಕೊಂಡ, ಆಡುಮಾತಿನ ಅಂದ, ಅಂತ, ಅನ್ನೋ ಮುಂತಾದ ರೂಪಗಳೆಲ್ಲ ಕವಲೊಡೆದಿವೆ. ತಾಳೆಗರಿಯ ಕಾಲದ ಕನ್ನಡದಲ್ಲಿ ಇಂದಿನ ಉದ್ಧರಣ ಚಿಹ್ನೆ ಇರಲಿಲ್ಲ, ಅದು ಬಂದದ್ದು ಅಚ್ಚಿನೊಂದಿಗೆ. ಅಲ್ಲಿಯವರೆಗೆ ಒಬ್ಬರ ಮಾತು ಇಲ್ಲಿಗೆ ಮುಗಿಯಿತು, ಇನ್ನು ಮುಂದಿನದು ಕವಿಯ ಮಾತು ಎಂಬ ಗಡಿಯನ್ನು ಹಾಕುತ್ತಿದ್ದದ್ದು ಈ ಧಾತುವಿನ ರೂಪಗಳೇ. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಎಷ್ಟೋ ಪದ್ಯಗಳು ‘ಎಂದ’ ಎಂಬಲ್ಲಿಗೆ ಬಂದು ನಿಲ್ಲುವುದನ್ನು ಕೇವಲ ಛಂದಸ್ಸಿನ ಅನುಕೂಲವೆಂದು ತಿಳಿಯಬೇಕಾಗಿಲ್ಲ, ಏಕೆಂದರೆ ಗರಿಯನ್ನು ಕಣ್ಣಿನಿಂದ ನೋಡದೆ ಗಮಕಿಯ ಬಾಯಿಂದ ಕೇಳುತ್ತಿದ್ದ ಜನಕ್ಕೆ ಆ ಪದವೇ ಮಾತಿನ ಎಲ್ಲೆಯಾಗಿತ್ತು.

ಈ ಪದದ ಕೊನೆಯಲ್ಲಿ ಬರುವ ಆಖ್ಯಾತ ಪ್ರತ್ಯಯ, ಅಂದರೆ ಕ್ರಿಯೆ ಮಾಡಿದವರ ಲಿಂಗ, ವಚನ, ಪುರುಷಗಳನ್ನು ತಿಳಿಸುವ ಭಾಗ, ಇನ್ನೊಂದು ಸೌಲಭ್ಯವನ್ನು ಒದಗಿಸುತ್ತದೆ. ಇಂಗ್ಲಿಷಿನ ‘ಸೆಡ್’ ಎಂಬ ಕ್ರಿಯಾಪದ ಗಂಡಸಿಗೂ ಹೆಂಗಸಿಗೂ ಒಬ್ಬರಿಗೂ ಹತ್ತು ಮಂದಿಗೂ ಒಂದೇ ಆಗಿರುವುದರಿಂದ ಅದರ ಪಕ್ಕದಲ್ಲಿ ಹೆಸರೋ ಸರ್ವನಾಮವೋ ಇರಲೇಬೇಕು. ಕನ್ನಡದ ‘ಎಂದಳು’ ಎಂಬ ಮೂರು ಅಕ್ಷರಗಳು ಆ ಸಹಾಯವಿಲ್ಲದೆಯೇ ನಿಲ್ಲಬಲ್ಲವು. ಒಬ್ಬ ಗಂಡಸು, ಒಬ್ಬ ಹೆಂಗಸು ಮಾತಾಡುತ್ತಿರುವ ಕಡೆಯಲ್ಲಿ ‘ಎಂದು ಅವಳು ಹೇಳಿದಳು’, ‘ಎಂದು ಅವನು ಉತ್ತರಿಸಿದನು’ ಎಂದು ಸಾಲುಸಾಲಾಗಿ ಬರೆಯುವುದು ಭಾಷೆ ಈಗಾಗಲೇ ಕೊಟ್ಟಿರುವುದನ್ನು ಮತ್ತೆ ಹಣ ಕೊಟ್ಟು ತಂದಂತೆ.

ಸೂಚಕವನ್ನು ಮಾತಿನ ಒಳಗೇ ಇರಿಸುವ ಜಾಣ್ಮೆ ಕನ್ನಡಕ್ಕೆ ಹೊಸದಲ್ಲ. 15-16ನೇ ಶತಮಾನಗಳ ಶೂನ್ಯಸಂಪಾದನೆಗಳು ಹಿಂದಿನ ಶರಣರ ಬಿಡಿ ವಚನಗಳನ್ನು ಆಯ್ದು, ನಡುನಡುವೆ ಸಣ್ಣ ಗದ್ಯದ ಬೆಸುಗೆ ಹಾಕಿ, ಅಲ್ಲಮಪ್ರಭು, ಬಸವಣ್ಣ, ಅಕ್ಕಮಹಾದೇವಿ, ಸಿದ್ಧರಾಮ ಮೊದಲಾದವರ ನಡುವಿನ ಸಂವಾದಗಳಾಗಿ ಜೋಡಿಸಿದ ಕೃತಿಗಳು. ಅಲ್ಲಿ ಪ್ರತಿಯೊಂದು ವಚನದ ಅಂಕಿತ, ಅಂದರೆ ವಚನಕಾರರು ತಮ್ಮ ಇಷ್ಟದೈವವನ್ನು ಕರೆಯುವ ಹೆಸರು, ಮಾತಾಡಿದವರು ಯಾರೆಂದು ತಾನೇ ಹೇಳಿಬಿಡುತ್ತದೆ: ಗುಹೇಶ್ವರ ಎಂದೊಡನೆ ಅಲ್ಲಮ, ಕೂಡಲಸಂಗಮದೇವ ಎಂದೊಡನೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದೊಡನೆ ಅಕ್ಕ. ಆಡಿದ ಮಾತೇ ಆಡಿದವರ ಮುದ್ರೆಯನ್ನು ಹೊತ್ತಿರುವ ಇಂಥ ಸಂಭಾಷಣೆಯ ಮಾದರಿ ಮನೆಯಲ್ಲೇ ಇರುವಾಗ, ಇಂದಿನ ಕಥೆಗಾರರು ಸಂಭಾಷಣೆಯ ಪಾಠವನ್ನು ಬೇರೆಡೆಯಿಂದ ಮಾತ್ರ ಕಲಿಯಬೇಕಾದ ಕಾರಣವಿಲ್ಲ.

ಇಂದಿನ ಗದ್ಯದಲ್ಲಿ ಅಂಕಿತದ ಆ ಕೆಲಸವನ್ನು ಮಾಡುವುದು ಸಂಬೋಧನೆ, ಎಂದರೆ ಎದುರಿಗಿರುವವರನ್ನು ಕರೆಯುವ ಬಗೆ. ‘ಹೌದು ಕಣೋ’ ಎಂಬ ಮಾತಿನಲ್ಲಿ ಕೇಳುತ್ತಿರುವವನು ಗಂಡಸು ಮತ್ತು ಸಲುಗೆಯವನು ಎಂಬುದು ತಿಳಿಯುತ್ತದೆ, ‘ಹೌದು ಕಣೇ’ ಎಂದರೆ ಸಲುಗೆಯ ಹೆಂಗಸು, ‘ಹೌದು ಕಣ್ರೀ’ ಎಂದರೆ ಬಹುವಚನದ ಅಂತರವಿರುವವರು. ಅಪ್ಪಯ್ಯ, ಅತ್ತಿಗೆ, ಮಾವಯ್ಯ, ಚಿಕ್ಕವ್ವ ಎಂಬ ನಂಟಿನ ಹೆಸರುಗಳು ಒಂದೇ ಪದದಲ್ಲಿ ಇಬ್ಬರನ್ನೂ ಗುರುತಿಸುತ್ತವೆ, ಏಕೆಂದರೆ ಒಬ್ಬರನ್ನು ಅತ್ತಿಗೆ ಎನ್ನುವವರು ಸಾಮಾನ್ಯವಾಗಿ ಮೈದುನನೋ ನಾದಿನಿಯೋ ಆಗಿರುತ್ತಾರೆ. ಕರಾವಳಿಯ ಮಾರಾಯ್ರೆ, ಉತ್ತರದ ಯಾಕ್ಲೇ, ಹಳೆ ಮೈಸೂರಿನ ಕಣಮ್ಮಿ ಎಂಬವು ಊರನ್ನೂ ಸೇರಿಸಿ ಹೇಳುತ್ತವೆ. ನೀವು ಎನ್ನುತ್ತಿದ್ದವರು ಜಗಳದ ನಡುವೆ ಒಮ್ಮೆ ನೀನು ಎಂದುಬಿಟ್ಟರೆ, ಅಲ್ಲಿ ಕಥೆಯಲ್ಲಿ ಏನೋ ಮುರಿದಿದೆ ಎಂಬುದನ್ನು ವಿವರಿಸಲು ಲೇಖಕರು ಇನ್ನೊಂದು ವಾಕ್ಯ ಬರೆಯಬೇಕಾಗಿಲ್ಲ, ಬರೆಯಲೂಬಾರದು. ಈ ಸಂಪತ್ತು ಅನುವಾದಕ್ಕೆ ಎಷ್ಟು ಒಗ್ಗದ್ದು ಎಂಬುದು 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿ ಕಾಣುತ್ತದೆ. ಅನುವಾದಕಿ ದೀಪಾ ಭಾಸ್ತಿ ಅವರು ಅಲ್ಲಿನ ಕನ್ನಡ, ಉರ್ದು, ಅರಬ್ಬಿ ಪದಗಳಲ್ಲಿ ಹಲವನ್ನು ಇಂಗ್ಲಿಷಿನಲ್ಲಿಯೂ ಹಾಗೆಯೇ ಉಳಿಸಿ, ಅವುಗಳನ್ನು ಓರೆ ಅಕ್ಷರದಲ್ಲಿ ಬೇರ್ಪಡಿಸದೆ, ಅಡಿಟಿಪ್ಪಣಿಯನ್ನೂ ಕೊಡದೆ ಬಿಟ್ಟಿದ್ದಾರೆ.

ಇಷ್ಟು ಅನುಕೂಲವಿದ್ದೂ ಸಂಭಾಷಣೆ ಕೆಡುವುದು ಹೇಗೆಂಬುದನ್ನು ನೋಡಲು ಒಂದು ಸಣ್ಣ ಸನ್ನಿವೇಶವನ್ನು ಕಲ್ಪಿಸಿಕೊಳ್ಳಬಹುದು. ಮಂಡ್ಯ ಕಡೆಯ ಒಂದು ಹಳ್ಳಿ, ತಂದೆ ತೀರಿಕೊಂಡು ಮೂರು ವರ್ಷವಾಗಿದೆ, ಬೆಂಗಳೂರಿನಲ್ಲಿರುವ ತಮ್ಮ ಗದ್ದೆಯ ಭಾಗ ಕೇಳಲು ಊರಿಗೆ ಬಂದಿದ್ದಾನೆ. ಅಭ್ಯಾಸವಿಲ್ಲದ ಕೈ ಇದನ್ನು ಬರೆಯುವ ರೀತಿ ಹೀಗಿರುತ್ತದೆ:

“ಅಣ್ಣಾ, ನಮ್ಮ ತಂದೆಯವರು ತೀರಿಕೊಂಡು ಮೂರು ವರ್ಷಗಳಾದರೂ ನಮ್ಮ ನಾಲ್ಕು ಎಕರೆ ಗದ್ದೆಯನ್ನು ನಾವಿನ್ನೂ ಭಾಗ ಮಾಡಿಕೊಂಡಿಲ್ಲ!” ಎಂದು ರವಿ ಕೋಪದಿಂದ ಗುಡುಗಿದನು.

“ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿರುವ ನಿನಗೆ ಗದ್ದೆ ಏಕೆ ಬೇಕು?” ಎಂದು ಶಿವಣ್ಣ ವ್ಯಂಗ್ಯವಾಗಿ ಪ್ರಶ್ನಿಸಿದನು.

ಇಲ್ಲಿ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಗೊತ್ತಿರುವ ಸಂಗತಿಯನ್ನೇ ಹೇಳಿಕೊಳ್ಳುತ್ತಿದ್ದಾರೆ; ವಾಸ್ತವದಲ್ಲಿ ಅವರು ಮಾತಾಡುತ್ತಿರುವುದು ಪರಸ್ಪರರೊಡನಲ್ಲ, ಓದುಗರೊಡನೆ. ತಂದೆ ಸತ್ತ ಕಾಲ, ಗದ್ದೆಯ ವಿಸ್ತೀರ್ಣ, ತಮ್ಮನ ನೌಕರಿ ಎಲ್ಲವನ್ನೂ ಎರಡು ಮಾತಿನೊಳಗೆ ತುರುಕಿದ್ದರಿಂದ ಕೋಪಕ್ಕೂ ವ್ಯಂಗ್ಯಕ್ಕೂ ಮಾತಿನಲ್ಲಿ ಜಾಗ ಉಳಿಯಲಿಲ್ಲ, ಹಾಗಾಗಿ ಅವನ್ನು ಹೊರಗಿನಿಂದ ‘ಗುಡುಗಿದನು’, ‘ವ್ಯಂಗ್ಯವಾಗಿ’ ಎಂದು ಅಂಟಿಸಬೇಕಾಯಿತು. ಅದೇ ಸನ್ನಿವೇಶ ಹೀಗೂ ಬರಬಹುದು:

“ಪಾಣಿ ತೆಗಿಸ್ದೆ ಕಣಣ್ಣ.”

ಶಿವಣ್ಣ ಎಲೆಗೆ ಸುಣ್ಣ ಸವರುತ್ತಿದ್ದ. “ಉಂಡ್ಯಾ?”

“ಇನ್ನೂವೆ ಅಪ್ಪನ್ ಹೆಸ್ರಲ್ಲೇ ಅದೆ.”

“ಇರ್ಲಿ ಬುಡು. ಅಪ್ಪಂದೇ ತಾನೆ?”

“ಮೂರ್ ವರ್ಸಾಯ್ತು.”

“ಏ ಬಾಮ್ಮಿ ಇಲ್ಲಿ, ಇವನ್ಗೊಂದು ಮುದ್ದೆ ಇಕ್ಕು.”

ಈ ಆರು ಮಾತುಗಳಲ್ಲಿ ‘ಎಂದ’ ಒಮ್ಮೆಯೂ ಬಂದಿಲ್ಲ, ಕೋಪವೆಂಬ ಪದವೂ ಇಲ್ಲ, ಆದರೂ ಯಾವ ಮಾತು ಯಾರದೆಂಬ ಗೊಂದಲವಾಗುವುದಿಲ್ಲ. ‘ಕಣಣ್ಣ’ ಎಂಬುದು ತಮ್ಮನನ್ನು ತೋರಿಸಿಕೊಟ್ಟಿತು. ಎಲೆಗೆ ಸುಣ್ಣ ಸವರುವ ಕೈ ಅದರ ಪಕ್ಕದ ಮಾತನ್ನು ಅಣ್ಣನದಾಗಿಸಿತು. ಅಲ್ಲಿಂದ ಮುಂದೆ ಒಬ್ಬರಾದ ಮೇಲೆ ಒಬ್ಬರು ಆಡುವ ಸರದಿಯೇ ಸಾಕಾಯಿತು. ಹೊಲದ ಒಡೆತನ ತೋರಿಸುವ ಪಹಣಿಯನ್ನು ತಮ್ಮ ಯಾರಿಗೂ ಹೇಳದೆ ತೆಗೆಸಿದ್ದಾನೆ ಎಂಬುದರಲ್ಲಿ ಅವನ ನಿರ್ಧಾರವಿದೆ, ತಮ್ಮನ ಮಾತಿಗೆ ನೇರವಾಗಿ ಉತ್ತರ ಕೊಡದೆ ಊಟದ ಮಾತೆತ್ತುವುದರಲ್ಲಿ ಅಣ್ಣನ ನಿರಾಕರಣೆಯಿದೆ, ಮುದ್ದೆ ಇಕ್ಕಲು ಹೆಂಡತಿಯನ್ನು ಕೂಗುವುದರಲ್ಲಿ ತಮ್ಮನನ್ನು ನೆಂಟನಂತೆ ಉಣ್ಣಿಸಿ ಕಳಿಸುವ ಸನ್ನಾಹವೂ ಇದೆ. ಸಂಭಾಷಣೆ ಸುದ್ದಿಯ ವಿನಿಮಯವಲ್ಲ, ಇಬ್ಬರು ತಮಗೆ ಬೇಕಾದದ್ದನ್ನು ಪಡೆಯಲು ಮಾಡುವ ಪ್ರಯತ್ನ. ಬೇಕಾದದ್ದು ಬೇರೆಬೇರೆಯಾಗಿದ್ದಾಗ ಪ್ರಶ್ನೆಗೂ ಉತ್ತರಕ್ಕೂ ತಾಳೆಯಾಗುವುದಿಲ್ಲ, ಮತ್ತು ಆ ತಾಳೆಯಾಗದ ಜಾಗದಲ್ಲಿಯೇ ಕಥೆ ನಡೆಯುತ್ತದೆ.

ಪಿಸುಗುಟ್ಟಿದ, ಕಿರುಚಿದ, ಗೊಣಗಿದ ಎಂಬ ಸೂಚಕಗಳಿಗೆ ಒಂದು ನ್ಯಾಯವಿದೆ, ಏಕೆಂದರೆ ದನಿಯ ಮಟ್ಟ ಮಾತಿನ ಪದಗಳಲ್ಲಿ ಕಾಣುವುದಿಲ್ಲ. ಉದ್ಗರಿಸಿದ, ಘರ್ಜಿಸಿದ, ಉಲಿದ, ನುಡಿದ ಎಂಬವುಗಳಿಗೆ ಇಂದಿನ ಗದ್ಯದಲ್ಲಿ ಅಷ್ಟು ನ್ಯಾಯ ಕಾಣುವುದಿಲ್ಲ. ಅವು ಪುರಾಣದ ಕಥೆಗೆ ಹೊಂದಬಹುದು, ಬಸ್‌ಸ್ಟ್ಯಾಂಡಿನಲ್ಲಿ ಚಿಲ್ಲರೆ ಕೇಳುವ ಕಂಡಕ್ಟರನಿಗೆ ಹೊಂದುವುದಿಲ್ಲ. ‘ಎಂದು ನಕ್ಕಳು’, ‘ಎಂದು ತಲೆ ಕೆರೆದುಕೊಂಡ’ ಎಂಬಂಥ ಜೋಡಣೆ ಮಾತ್ರ ಕನ್ನಡದ ಸ್ವಂತ ಸೊತ್ತು. ‘ಎಂದು’ ಎಂಬುದು ಅಪೂರ್ಣ ಕ್ರಿಯೆಯಾದ್ದರಿಂದ, ಅಂದರೆ ವಾಕ್ಯವನ್ನು ತಾನು ಮುಗಿಸದೆ ಮುಂದಿನ ಕ್ರಿಯೆಗೆ ಕೈಚಾಚುವ ರೂಪವಾದ್ದರಿಂದ, ಅದರ ಮುಂದೆ ಆಡುವ ಅರ್ಥವಿಲ್ಲದ ಕ್ರಿಯಾಪದವನ್ನೂ ಸಲೀಸಾಗಿ ಇರಿಸಬಹುದು. ಮಾತು ಮತ್ತು ಮೈಯ ಚಲನೆ ಒಂದೇ ಉಸಿರಿನಲ್ಲಿ ಬರುತ್ತವೆ. ಈ ಒಂದು ಅನುಕೂಲವನ್ನು ಚೆನ್ನಾಗಿ ಬಳಸಿಕೊಂಡವರಿಗೆ ಕ್ರಿಯಾವಿಶೇಷಣಗಳ ಹಂಗು ಬಹುಮಟ್ಟಿಗೆ ಬೇಕಾಗುವುದಿಲ್ಲ.

ಸೂಚಕವನ್ನು ಎಲ್ಲಿಡಬೇಕೆಂಬುದೂ ವಿಚಾರ ಮಾಡತಕ್ಕದ್ದು. ಕರ್ತೃ ಮೊದಲು, ಕ್ರಿಯೆ ಕೊನೆಗೆ ಬರುವ ಕನ್ನಡದ ವಾಕ್ಯಕ್ರಮದಲ್ಲಿ ಮಾತಾಡುವವರ ಹೆಸರು ಮುಂದೆ, ‘ಎಂದ’ ಹಿಂದೆ, ಮಾತು ಅವೆರಡರ ತೆಕ್ಕೆಯಲ್ಲಿ ಇರುವುದು ಸಹಜ. ಆದರೆ ಮಾತು ಐದಾರು ಸಾಲು ಬೆಳೆದರೆ ಹೆಸರು ಮರೆತುಹೋಗಿ ‘ಎಂದ’ ಅನಾಥವಾಗುತ್ತದೆ. ‘ಎಂದ ಶಿವಣ್ಣ’ ಎಂದು ಹೆಸರನ್ನು ಕೊನೆಗೆ ತಳ್ಳುವ ಕ್ರಮ ಇಂದು ಜನಪ್ರಿಯ ಕಾದಂಬರಿಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಹೆಚ್ಚಿದ್ದು, ಹೆಸರಿಗೆ ಒತ್ತು ಬೇಕಾದಾಗ ಅದು ಶೋಭಿಸುತ್ತದೆ, ಪ್ರತಿ ಸಾಲಿನಲ್ಲಿ ಬಂದರೆ ಒಂದು ನಟನೆಯಂತಾಗುತ್ತದೆ. ಮೂರನೆಯದು ಮಾತನ್ನು ಅರ್ಧಕ್ಕೆ ಕತ್ತರಿಸಿ, ನಡುವೆ ‘ಎಂದ’ ಇಟ್ಟು, ಮತ್ತೆ ಮುಂದುವರಿಸುವ ಕ್ರಮ. ಶತಮಾನಗಳಿಂದ ‘ಎಂದ’ ಎಂಬುದನ್ನು ಮಾತಿನ ಮುಕ್ತಾಯವೆಂದು ಕೇಳಿಸಿಕೊಂಡ ಕಿವಿಗೆ, ಮುಗಿದ ಮಾತು ಮತ್ತೆ ತೆರೆದುಕೊಂಡಾಗ ಒಂದು ಎಡವು ತಗಲುತ್ತದೆ. ಆ ಎಡವೇ ಬೇಕಾದ ಕಡೆ, ಅಂದರೆ ಪಾತ್ರ ಹೇಳಲೋ ಬೇಡವೋ ಎಂದು ತಡೆದು ಮುಂದೆ ಹೇಳುವ ಕಡೆ, ಅದು ಉತ್ತಮ ಸಾಧನ. ಮಿಕ್ಕಂತೆ ಅದು ಇಂಗ್ಲಿಷ್ ಪುಟದಿಂದ ಬಂದ ರೂಢಿ ಮಾತ್ರ.

ಇನ್ನು ಎಲ್ಲ ಮಾತನ್ನೂ ಉದ್ಧರಣ ಚಿಹ್ನೆಯೊಳಗೆ ತರಬೇಕೆಂಬ ನಿಯಮವೂ ಇಲ್ಲ. ಮಗನೊಬ್ಬ “ನಾಳೆ ಬರ್ತೀನಿ ಕಣವ್ವ” ಎಂದ ಎಂದು ಬರೆದರೆ ಓದುಗರು ಆ ಅಂಗಳದಲ್ಲೇ ನಿಂತಿರುತ್ತಾರೆ. ಮಗ ನಾಳೆ ಬರುತ್ತೇನೆಂದ ಎಂದು ಚಿಹ್ನೆ ತೆಗೆದು ಬರೆದರೆ, ‘ನಾಳೆ’ಯೂ ‘ಬರುತ್ತೇನೆ’ಯೂ ಅವನವೇ ಆಗಿದ್ದರೂ ದನಿ ಅರ್ಧಕ್ಕಿಳಿದಿರುತ್ತದೆ. ತಾನು ಮರುದಿನ ಬರುವುದಾಗಿ ಮಗ ಹೇಳಿದ ಎಂದರೆ ದನಿ ಪೂರ್ತಿ ಅಡಗಿ ವರದಿಯೊಂದು ಉಳಿಯುತ್ತದೆ. ಇಲ್ಲಿ ಬರುವ ‘ತಾನು’ ಮಾತಾಡಿದವನನ್ನೇ ಹಿಂದಿರುಗಿ ತೋರಿಸುವ ಸರ್ವನಾಮವಾದ್ದರಿಂದ, ಬರುವವನು ಮಗನೋ ಮತ್ತೊಬ್ಬನೋ ಎಂಬ ಸಂದೇಹಕ್ಕೆ ಎಡೆಯಿಲ್ಲ. ಹತ್ತಿರ, ನಡು, ದೂರ ಎಂಬ ಈ ಮೂರು ಅಂತರಗಳು ಕೈಯಲ್ಲಿರುವಾಗ, ಕುಶಲಪ್ರಶ್ನೆಗಳನ್ನೂ ಕಾಫಿ ಬೇಕೇ ಬೇಡವೇ ಎಂಬ ಉಪಚಾರವನ್ನೂ ದೂರದಲ್ಲಿ ಕಳೆದು, ಮುರಿಯುವ ಅಥವಾ ಕೂಡುವ ಒಂದೆರಡು ಮಾತನ್ನು ಮಾತ್ರ ಹತ್ತಿರಕ್ಕೆ ತರುವುದು ಲೇಖಕರ ವಿವೇಕಕ್ಕೆ ಸೇರಿದ್ದು.

ಪಾತ್ರಗಳು ಯಾವ ಕನ್ನಡದಲ್ಲಿ ಮಾತಾಡಬೇಕೆಂಬ ಪ್ರಶ್ನೆಗೆ ಆಧುನಿಕ ಸಾಹಿತ್ಯ ಒಂದೇ ಉತ್ತರವನ್ನು ಕೊಟ್ಟಿಲ್ಲ. ಟಿ. ಪಿ. ಕೈಲಾಸಂ ತಮ್ಮ ನಾಟಕಗಳಲ್ಲಿ ಇಂಗ್ಲಿಷ್ ಬೆರೆತ ಮನೆಮಾತನ್ನು ರಂಗಕ್ಕೆ ತಂದರು. ಶಿವರಾಮ ಕಾರಂತರ ‘ಚೋಮನ ದುಡಿ’ (1933) ತುಳುನಾಡಿನ ಬದುಕನ್ನು ಕನ್ನಡದಲ್ಲಿ ಹೇಳಬೇಕಾಗಿದ್ದರಿಂದ ಅಲ್ಲಿನ ಜನ ಬದುಕಿನಲ್ಲಿ ಆಡುವ ತುಳು ಕಾದಂಬರಿಯಲ್ಲಿ ಕನ್ನಡವಾಗಿ ಮಾರ್ಪಟ್ಟಿತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಮಲೆನಾಡಿನ ಆಡುಮಾತು ತುಂಬಿದೆ, ವೈದೇಹಿಯವರ ಕಥೆಗಳಲ್ಲಿ ಕುಂದಾಪುರದ ಕನ್ನಡವಿದೆ. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಾತ್ರಗಳಿಗೆ ಮಾತ್ರವಲ್ಲದೆ ನಿರೂಪಕನಿಗೂ, ಎಂದರೆ ಕಥೆ ಹೇಳುವ ದನಿಗೂ, ಅದೇ ನೆಲದ ಮಾತನ್ನೇ ಕೊಟ್ಟಿತು. ಇದರ ಮಹತ್ವ ಉಚ್ಚಾರಣೆಯ ನಿಷ್ಠೆಯಲ್ಲಿಲ್ಲ. ನಿರೂಪಕ ಶಿಷ್ಟ ಕನ್ನಡದಲ್ಲಿ, ಪಾತ್ರ ಆಡುಗನ್ನಡದಲ್ಲಿ ಇರುವಾಗ ಪ್ರತಿಯೊಂದು ‘ಎಂದ’ವೂ ಎರಡು ಅಂತಸ್ತುಗಳ ನಡುವಿನ ಮೆಟ್ಟಿಲಾಗಿರುತ್ತದೆ, ನಿರೂಪಕ ಮೇಲೆ, ಪಾತ್ರ ಕೆಳಗೆ, ‘ಕುಸುಮಬಾಲೆ’ಯಲ್ಲಿ ಆ ಮೆಟ್ಟಿಲೇ ಇಲ್ಲ.

ಮೆಟ್ಟಿಲಿನ ವಿಷಯ ಬಂದಾಗ ವಕ್ತೃಸೂಚಕದ ನಿಜವಾದ ಭಾರ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ‘ಸೆಡ್’ ಎಂದು ಬರೆಯುವವರು ಪಾತ್ರಕ್ಕೆ ಎಷ್ಟು ಮರ್ಯಾದೆ ಕೊಡುತ್ತಾರೆಂದು ಆ ಪದದಿಂದ ತಿಳಿಯಲು ಸಾಧ್ಯವಿಲ್ಲ; ಕನ್ನಡದಲ್ಲಿ ಬರೆಯುವವರಿಗೆ ಅದನ್ನು ಮರೆಮಾಡಲು ಸಾಧ್ಯವಿಲ್ಲ, ಏಕೆಂದರೆ ಪ್ರತಿ ಸಾಲಿನಲ್ಲಿಯೂ ‘ಎಂದ’ ಮತ್ತು ‘ಎಂದರು’ ಎಂಬವುಗಳ ನಡುವೆ ಆರಿಸಲೇಬೇಕು. ಅರವತ್ತು ವರ್ಷದ ಜಮೀನ್ದಾರರು ಮಾತಾಡಿದಾಗ ‘ಎಂದರು’, ಅಷ್ಟೇ ವಯಸ್ಸಿನ ಆಳು ಮಾತಾಡಿದಾಗ ‘ಎಂದ’. ಗಂಡ ‘ಎಂದರು’, ಹೆಂಡತಿ ‘ಎಂದಳು’. ಶಾಲೆಯ ಮೇಷ್ಟರು ‘ಎಂದರು’, ಅದೇ ಶಾಲೆಯ ಜವಾನ ‘ಎಂದ’. ಹೀಗೆ ಬರೆಯುವವರಲ್ಲಿ ಅನೇಕರು ಸಮಾನತೆಯನ್ನು ಮನಸಾರೆ ಬಯಸುವವರು, ಅವರ ಕಥೆಗಳ ವಸ್ತುವೂ ಹಲವು ವೇಳೆ ಅದೇ. ಆದರೆ ಕಥೆಯ ವಸ್ತು ಒಂದನ್ನು ಹೇಳುತ್ತಿರುವಾಗ ಕಥೆಯ ವ್ಯಾಕರಣ ಇನ್ನೊಂದನ್ನು ಹೇಳುತ್ತಿರುತ್ತದೆ, ಮತ್ತು ಓದುಗರ ಮನಸ್ಸಿನಲ್ಲಿ ಹೆಚ್ಚು ಆಳಕ್ಕೆ ಇಳಿಯುವುದು ನೂರು ಸಲ ಬಂದುಹೋಗುವ ವ್ಯಾಕರಣವೇ.

ಏಕವಚನವೆಲ್ಲ ಅಗೌರವವೆಂದು ಇದರ ಅರ್ಥವಲ್ಲ. ಕನ್ನಡದಲ್ಲಿ ದೇವರಿಗೂ ತಾಯಿಗೂ ಏಕವಚನವುಂಟು, ಎಷ್ಟೋ ಕಥೆಗಳಲ್ಲಿ ‘ಅಮ್ಮ ಎಂದಳು’ ಎಂಬುದೇ ಅತ್ಯಂತ ಹತ್ತಿರದ ದನಿ; ಇಡೀ ಕಾದಂಬರಿಯಲ್ಲಿ ಒಡೆಯನಿಗೂ ಆಳಿಗೂ ‘ಎಂದ’ವನ್ನೇ ಬಳಸಿದರೆ ಅಲ್ಲಿ ಯಾರಿಗೂ ಅವಮಾನವಾಗುವುದಿಲ್ಲ. ಕಥೆ ಯಾರ ಕಣ್ಣಿನಿಂದ ಕಾಣುತ್ತಿದೆ ಎಂಬ ನೋಟಕೋನದ ಪ್ರಶ್ನೆಯೂ ಇದೆ: ಎಂಟು ವರ್ಷದ ಹುಡುಗಿಯ ಕಣ್ಣಿನಿಂದ ಹೇಳುವ ಕಥೆಯಲ್ಲಿ ಮೇಷ್ಟರಿಗೆ ಬಹುವಚನ, ಓರಗೆಯ ಗೆಳೆಯನಿಗೆ ಏಕವಚನ ಬರುವುದೇ ಸತ್ಯ, ಮತ್ತು ಆ ಹುಡುಗಿ ಬೆಳೆದು ಮೇಷ್ಟರ ಬಗೆಗೆ ಭ್ರಮೆ ಕಳೆದುಕೊಂಡ ದಿನ ‘ಎಂದರು’ ಎಂಬುದು ‘ಎಂದ’ ಆದರೆ ಅದು ಒಂದು ಅಧ್ಯಾಯದಷ್ಟು ಕೆಲಸ ಮಾಡುತ್ತದೆ. ದೋಷವಿರುವುದು, ಯಾರ ಕಣ್ಣೂ ಅಲ್ಲದ, ಎಲ್ಲರಿಗಿಂತ ಮೇಲೆ ನಿಂತ ಸರ್ವಜ್ಞ ನಿರೂಪಕ, ಪಾತ್ರಗಳ ಜಾತಿಯನ್ನೂ ಕೂಲಿಯನ್ನೂ ನೋಡಿ ವಚನ ಹಂಚುವಲ್ಲಿ.

ಆದ್ದರಿಂದ ಕಥೆ ಬರೆಯುವವರಲ್ಲಿ, ವಿಶೇಷವಾಗಿ ಈಗ ತಾನೇ ಬರೆಯತೊಡಗಿದವರಲ್ಲಿ, ಒಂದು ಕೋರಿಕೆಯಿದೆ. ಕರಡು ಮುಗಿದ ಮೇಲೆ ಅದರಲ್ಲಿನ ವಕ್ತೃಸೂಚಕಗಳನ್ನೆಲ್ಲ ಒಮ್ಮೆ ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಬೇಕು. ಮಾತೇ ತನ್ನನ್ನು ಆಡಿದವರ ಗುರುತು ಹೇಳುವ ಕಡೆ ಅವನ್ನು ಹೊಡೆದುಹಾಕಬೇಕು. ಉಳಿದವುಗಳಲ್ಲಿ ಯಾರಿಗೆ ‘ಎಂದರು’ ಸಿಕ್ಕಿದೆ, ಯಾರಿಗೆ ಸಿಕ್ಕಿಲ್ಲ ಎಂಬ ಎರಡು ಪಟ್ಟಿ ಮಾಡಿ ನೋಡಬೇಕು. ಪಟ್ಟಿಯ ಎರಡನೆಯ ಭಾಗದಲ್ಲಿ ಪಾತ್ರೆ ತಿಕ್ಕುವ ಮುನಿಯಮ್ಮನ ಹೆಸರು ಕಂಡರೆ, ಅವಳ ಮಾತಿನ ಮುಂದೆ ಒಮ್ಮೆ ‘ಎಂದರು ಮುನಿಯಮ್ಮನವರು’ ಎಂದು ಬರೆದು ನೋಡಬೇಕು, ಮತ್ತು ಬರೆಯುವ ಕೈ ಅಲ್ಲಿ ತಡೆದರೆ ಆ ಕಥೆಯನ್ನು ಮೊದಲ ಸಾಲಿನಿಂದ ಮತ್ತೆ ಓದಬೇಕು.